ತೋಟದ ಡಬ್ಬಿಗೆ ಹೊಸ ಕರ್ನಲ್: ಹಾಕೋದು ಸುಲಭ, ವಾಪಸ್ ಬರೋ ದಾರಿ ಮೊದ್ಲು ಮಾಡ್ಕೊಳ್ಳಿ

ನಾಪೋಕ್ಲು ಕಡೆ ನಮ್ಮ ಮಾವನ ಕಾಫಿ ತೋಟದ ಸ್ಟೋರ್ ರೂಮಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಇದೆ. ನಾಲ್ಕನೇ ಜನರೇಶನ್ ಐ3, 8 ಜಿಬಿ ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ, ಒಳಗೆ ಡೆಬಿಯನ್ 12 ಅನ್ನೋ ಲಿನಕ್ಸ್. ಮಾನಿಟರ್ ಇಲ್ಲ ಕೀಬೋರ್ಡ್ ಇಲ್ಲ, ಎಲ್ಲರೂ ಅದನ್ನ ಡಬ್ಬಿ ಅಂತಾರೆ. ಅದ್ರ ಕೆಲಸ ಕಣದ ಕ್ಯಾಮೆರಾ ರೆಕಾರ್ಡಿಂಗ್, ತೋಟದ ಲೆಕ್ಕ ಬರೆಯೋ ರೈಟ್ರ ಚೆಕ್‌ರೋಲ್ (ಕೆಲಸದವ್ರ ಹಾಜರಿ-ಕೂಲಿ ಪಟ್ಟಿ) ಫೈಲುಗಳ ಬ್ಯಾಕಪ್, ಎಲ್ಲಕ್ಕಿಂತ ಮುಖ್ಯವಾಗಿ ಮಳೆ ಲೆಕ್ಕ. ಕೊಡಗಲ್ಲಿ ಮಳೆ ಲೆಕ್ಕ ಇವತ್ತಿಗೂ ಇಂಚು-ಸೆಂಟಲ್ಲೇ, ಮಿಲಿಮೀಟರ್ ಅಂದ್ರೆ ಮಾವ ಮುಖ ನೋಡ್ತಾರೆ. ಅದಕ್ಕೆ ತಗೊಂಡಿರೋ ಟಿಪ್ಪಿಂಗ್ ಬಕೆಟ್ ಗೇಜ್ ಒಂದ್ಸಲ ಮಗುಚಿದ್ರೆ 0.01 ಇಂಚು, ಅಂದ್ರೆ ಸರಿಯಾಗಿ ಒಂದು ಸೆಂಟ್. ಎಣಿಸೋದು ಒಂದು ಆರ್ಡುಯಿನೋ ನ್ಯಾನೋ, ಅಲ್ಲಿಂದ ಯುಎಸ್‌ಬಿ ಸೀರಿಯಲ್ ಮೂಲಕ ಡಬ್ಬಿಗೆ. ಲೆಕ್ಕ ನ್ಯಾನೋ ಒಳಗೇ ಇರೋದ್ರಿಂದ ಡಬ್ಬಿ ರೀಬೂಟ್ ಆಗ್ತಾ ಇರೋವಾಗ ಬಿದ್ದ ಮಳೆನೂ ತಪ್ಪಲ್ಲ, ಇದು ಮುಂದೆ ಉಪಯೋಗಕ್ಕೆ ಬರುತ್ತೆ.

ಕರ್ನಲ್ (ಹಾರ್ಡ್‌ವೇರ್ ನಡೆಸೋ, ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಯಾಕೆ ಬದಲಾಯಿಸ್ಬೇಕಾಯ್ತು ಅಂದ್ರೆ ವೈಫೈ ಡಾಂಗಲ್. ಬಂಗಲೆಯಿಂದ ಸ್ಟೋರ್‌ವರೆಗೆ ಈಥರ್ನೆಟ್ ಕೇಬಲ್ ಎಳೀಬಹುದಿತ್ತು, ಆದ್ರೆ ಏಪ್ರಿಲ್-ಮೇ ಸಿಡಿಲಲ್ಲಿ ಮರದಿಂದ ಮರಕ್ಕೆ ಅಷ್ಟುದ್ದ ತಾಮ್ರದ ತಂತಿ ಎಳೆದ್ರೆ ಎರಡೂ ತುದಿಯ ಪೋರ್ಟ್ ಸುಟ್ಕೊಳ್ಳೋದು ಗ್ಯಾರಂಟಿ, ಅದಕ್ಕೇ ವೈಫೈ. ಡಾಂಗಲ್ ಒಳಗಿರೋದು ರಿಯಲ್‌ಟೆಕ್ 8821ಸಿಯು ಚಿಪ್. ಡೆಬಿಯನ್ 12ರ ಜೊತೆ ಬರೋದು 6.1 ಕರ್ನಲ್, ಅದ್ರಲ್ಲಿ ಈ ಚಿಪ್‌ಗೆ ಡ್ರೈವರ್ ಇಲ್ಲ. ಹೊರಗಿನಿಂದ ಸೋರ್ಸ್ ತಂದು ಡಿಕೆಎಂಎಸ್‌ನಲ್ಲಿ (ಹೊಸ ಕರ್ನಲ್ ಬಂದಾಗೆಲ್ಲ ಹೊರಗಿನ ಡ್ರೈವರ್‌ನ ಮತ್ತೆ ಕಂಪೈಲ್ ಮಾಡೋ ವ್ಯವಸ್ಥೆ) ಕಟ್ಟಿ ನಡೆಸ್ತಾ ಇದ್ವಿ, ಪ್ರತಿ ಕರ್ನಲ್ ಅಪ್‌ಡೇಟ್‌ಗೂ ಅದು ಕಟ್ಟಿಕೊಳ್ಳುತ್ತೋ ಇಲ್ವೋ ಅಂತ ದೇವರ ಮೇಲೆ ಭಾರ ಹಾಕೋದು. 6.2ರಿಂದ ಕರ್ನಲ್‌ನ ಸ್ವಂತ ಆರ್‌ಟಿಡಬ್ಲ್ಯು88 ಡ್ರೈವರ್‌ಗೆ ಯುಎಸ್‌ಬಿ ಸಪೋರ್ಟ್ ಬಂತು, ಈ ಚಿಪ್ಪೂ ಅದ್ರಲ್ಲಿ ಸೇರಿದೆ. ಹಾಗಾಗಿ 2024ರ ನವೆಂಬರ್‌ನಲ್ಲಿ ಬಂದ 6.12ಕ್ಕೆ ಹೋಗೋಣ ಅಂತ ತೀರ್ಮಾನ, ಅದು ಲಾಂಗ್ ಟರ್ಮ್ ಸರಣಿ, ಸ್ವಲ್ಪ ವರ್ಷ ಪ್ಯಾಚ್ ಬರ್ತಾ ಇರುತ್ತೆ.

ಇಲ್ಲೇ ಒಂದು ಮಾತು. ಡೆಬಿಯನ್ 12ರ ಬ್ಯಾಕ್‌ಪೋರ್ಟ್ಸ್‌ನಲ್ಲೂ (ಹಳೇ ಡೆಬಿಯನ್‌ಗೆ ಹೊಸ ಪ್ಯಾಕೇಜ್ ಕೊಡೋ ಜಾಗ) 6.12 ಸಿಗುತ್ತೆ, ಡೆಬಿಯನ್ 13ಕ್ಕೆ ಹೋದ್ರೆ ಅದೇ ಬರುತ್ತೆ. ನಿಮಗೆ ಬರೀ ಡ್ರೈವರ್ ಬೇಕಿದ್ರೆ ಬ್ಯಾಕ್‌ಪೋರ್ಟ್ಸ್ ಹಾಕಿ ಸುಮ್ನಿರಿ, ಕೆಳಗಿನ ಕಂಪೈಲ್ ಭಾಗ ಬಿಟ್ಟು ಗ್ರಬ್ (ಯಾವ ಕರ್ನಲ್ ಏಳ್ಬೇಕು ಅಂತ ಆರಿಸೋ ಬೂಟ್ ಲೋಡರ್) ಭಾಗ ಮಾತ್ರ ಓದಿ. ನಾನು ಕಟ್ಟಿದ್ದು ಯಾಕೆ ಅಂದ್ರೆ ವಾಚ್‌ಡಾಗ್ (ಮೆಷಿನ್ ಹ್ಯಾಂಗ್ ಆದ್ರೆ ತಾನೇ ರೀಸೆಟ್ ಮಾಡೋ ಟೈಮರ್) ಡ್ರೈವರ್ ಬೇರೆಯಾಗಿ ಲೋಡ್ ಆಗೋ ಮಾಡ್ಯೂಲ್ ಆಗಿ ಬೇಡ, ಕರ್ನಲ್ ಒಳಗೇ ಬೇಕಿತ್ತು, ಜೊತೆಗೆ ಸ್ವಲ್ಪ ಚಟ ಅಂತ್ಲೂ ಇಟ್ಕೊಳ್ಳಿ. ಮಳೆಗಾಲದ ಮಧ್ಯೆ ಇಡೀ ಸಿಸ್ಟಮ್ 13ಕ್ಕೆ ಎತ್ತೋ ಧೈರ್ಯ ಮಾತ್ರ ಇಲ್ಲ, ಒಂದ್ಸಲಕ್ಕೆ ಒಂದೇ ಬದಲಾವಣೆ.

ನಾನಿರೋದು ಮಡಿಕೇರಿಲಿ. ಮೂರ್ನಾಡು ಮೇಲೆ ತೋಟಕ್ಕೆ ಹೋಗಿ ಬರೋದು ಬೇಸಿಗೆಲಿ ಏನೂ ಅಲ್ಲ, ಆಷಾಢದಲ್ಲಿ ಮರ ಬಿದ್ದು ರಸ್ತೆ ಮುಚ್ಚಿದ್ರೆ ಅಥ್ವಾ ಕಾವೇರಿ ಉಕ್ಕಿ ಭಾಗಮಂಡಲ-ನಾಪೋಕ್ಲು ರಸ್ತೆ ಮೇಲೆ ನೀರು ಬಂದ್ರೆ ಅಲ್ಲಿಗೆ ಮುಗೀತು. ಆದ್ದರಿಂದ ಈ ಕೆಲಸದಲ್ಲಿ ಹೊಸ ಕರ್ನಲ್ ಬೂಟ್ ಆಗುತ್ತಾ ಅನ್ನೋದು ಅರ್ಧ ಪ್ರಶ್ನೆ ಕೂಡ ಅಲ್ಲ. ಆಗ್ದೇ ಇದ್ರೆ, ಆಗಿ ನೆಟ್‌ವರ್ಕ್ ಬರ್ದೇ ಇದ್ರೆ, ಅರ್ಧ ಆಗಿ ನಿಂತ್ರೆ, ಯಾರೂ ಮುಟ್ಟದೇ ಹಳೇ 6.1 ತಾನಾಗೇ ಎದ್ದು ಬರುತ್ತಾ ಅನ್ನೋದೇ ಪ್ರಶ್ನೆ. ಸಮಯ ಪೂರ್ತಿ ಹೋಗಿದ್ದು ಅದಕ್ಕೇ.

ಮೊದ್ಲು ಬ್ಯಾಕಪ್

ಹಳೇ ಕರ್ನಲ್‌ಗೆ ವಾಪಸ್ ಹೋದ ಮಾತ್ರಕ್ಕೆ ಡಿಸ್ಕ್ ಹಳೇ ಸ್ಥಿತಿಗೆ ಹೋಗಲ್ಲ, ಇದನ್ನ ಬಹಳ ಜನ ಯೋಚ್ನೆ ಮಾಡಲ್ಲ. 2023ರ ಡಿಸೆಂಬರ್‌ನಲ್ಲಿ ಏನಾಯ್ತು ನೆನಪಿದ್ಯಾ, 6.1.64ರಲ್ಲಿ ಎಕ್ಸ್ಟ್4 ಫೈಲ್‌ಸಿಸ್ಟಮ್‌ನ ಡೇಟಾನೇ ಕೆಡಿಸೋ ಬಗ್ ನುಗ್ಗಿತ್ತು, ಡೆಬಿಯನ್‌ನವ್ರು 12.3ರ ಬಿಡುಗಡೆ ನಿಲ್ಲಿಸಿ ಸರಿಮಾಡಿದ ಕರ್ನಲ್ ಹಾಕಿ ಹಿಂದೆಯೇ 12.4 ಅಂತ ಬಿಟ್ರು. ಅದು ಸ್ಟೇಬಲ್ ಅಂತ ಕರೆಯೋ ಸರಣಿಲೇ ಆಗಿದ್ದು, ಹೊಸ ಪ್ರಯೋಗದ ಕರ್ನಲ್‌ನಲ್ಲಿ ಅಲ್ಲ. ಅಂಥದ್ದು ಬಡಿದ್ರೆ ಯಾವ ಗ್ರಬ್ ಮೆನುನೂ ಕಾಪಾಡಲ್ಲ. ಚೆಕ್‌ರೋಲ್ ಮತ್ತೆ ಮಳೆ ಡೇಟಾಬೇಸ್ ಎರಡನ್ನೂ ಪೆನ್‌ಡ್ರೈವ್‌ಗೆ ತೆಗೆದು ಆ ಪೆನ್‌ಡ್ರೈವ್ ಕಿತ್ತು ಮೇಜಿನ ಡ್ರಾಯರ್‌ಗೆ ಹಾಕಿದೀವಿ. ಸಿಕ್ಕಿಸಿ ಬಿಟ್ಟಿರೋ ಪೆನ್‌ಡ್ರೈವ್ ಬ್ಯಾಕಪ್ ಅಲ್ಲ.

ಆಮೇಲೆ ಹಳೇ ಕರ್ನಲ್‌ನಲ್ಲೇ ಒಂದು ಜಾತಕ ಬರೆದಿಟ್ಕೊಂಡೆ. ಡಿಮೆಸೇಜ್ (ಕರ್ನಲ್‌ನ ಸಂದೇಶಗಳು) ಪೂರ್ತಿ, ಎಲ್‌ಎಸ್‌ಮಾಡ್ (ಲೋಡ್ ಆಗಿರೋ ಮಾಡ್ಯೂಲ್‌ಗಳ ಪಟ್ಟಿ), ಎಲ್‌ಎಸ್‌ಯುಎಸ್‌ಬಿ, ಎಲ್‌ಎಸ್‌ಪಿಸಿಐ, ಸೆನ್ಸರ್ ತೋರ್ಸೋ ಬಿಸಿ, ವೈಫೈ ಸ್ಪೀಡು, ಎಲ್ಲ ಒಂದು ಫೋಲ್ಡರ್‌ಗೆ. ಹೊಸದ್ರಲ್ಲಿ ಕೆಂಪಕ್ಷರದ ಎರರ್ ನೋಡಿ ಗಾಬರಿ ಆಗೋ ಬದಲು ಇದು ಮೊದ್ಲೇ ಇತ್ತಾ ಅಂತ ಡಿಫ್ ಹಾಕಿ ನೋಡ್ಬಹುದು. ಹಳೇ ಕರ್ನಲ್‌ನ ಟೇಂಟ್ ನಂಬರ್ (ಕರ್ನಲ್ ಕಲಬೆರಕೆ ಆಗಿದ್ಯಾ ಅಂತ ತೋರ್ಸೋ ಗುರುತು) 12288 ಅಂತಿತ್ತು, ಅದ್ರಲ್ಲಿ 4096 ಅಂದ್ರೆ ಕರ್ನಲ್‌ನ ಸ್ವಂತ ಸೋರ್ಸ್‌ನಿಂದ ಹೊರಗಿನ ಮಾಡ್ಯೂಲ್ ಲೋಡ್ ಆಗಿದೆ, 8192 ಅಂದ್ರೆ ಸಹಿ ಇಲ್ಲದ ಮಾಡ್ಯೂಲ್. ಎರಡೂ ಆ ಡಿಕೆಎಂಎಸ್ ಡ್ರೈವರ್‌ದೇ ಕೊಡುಗೆ. ಹೊಸದ್ರಲ್ಲಿ ಅದು 0 ಬರ್ಬೇಕು ಅನ್ನೋದು ಗುರಿ.

ಕಟ್ಟೋದು, ಮಡಿಕೇರಿ ಮನೇಲಿ

ಸೋರ್ಸ್ ಟಾರ್ ಫೈಲ್ 140 ಎಂಬಿ ಮೇಲಿದೆ, ನಮ್ಮ ಮಳೆಗಾಲದ ಇಂಟರ್‌ನೆಟ್‌ಗೆ ಅರ್ಧಕ್ಕೆ ನಿಂತಲ್ಲಿಂದ ಮುಂದುವರಿಸೋ ಆಪ್ಶನ್ ಹಾಕಿ ಡಬ್ಲ್ಯುಗೆಟ್ ಮಾಡಿ. ಇಳಿಸಿದ್ಮೇಲೆ ಸಹಿ ಚೆಕ್ ಮಾಡೋದು ಬಿಡ್ಬೇಡಿ. 2011ರಲ್ಲಿ ಕರ್ನಲ್ ಡಾಟ್ ಆರ್ಗ್ ಸರ್ವರ್‌ಗೇ ಯಾರೋ ನುಗ್ಗಿದ್ರು, ಸೈಟ್ ಅಸಲಿ ಅಂದ ಮಾತ್ರಕ್ಕೆ ಫೈಲ್ ಅಸಲಿ ಆಗ್ಬೇಕಿಲ್ಲ. ಇದ್ರಲ್ಲಿ ಒಂದು ಸಣ್ಣ ವಿಚಿತ್ರ ಇದೆ, ಸಹಿ ಹಾಕಿರೋದು ಎಕ್ಸ್‌ಝಡ್ ಕಂಪ್ರೆಸ್ ಮಾಡಿರೋ ಫೈಲ್ ಮೇಲಲ್ಲ, ಒಳಗಿನ ಬರೀ ಟಾರ್ ಮೇಲೆ. ಹಾಗಾಗಿ ಬಿಚ್ಚಿ ಪೈಪ್ ಮಾಡಿ ಜಿಪಿಜಿಗೆ ಕೊಡ್ಬೇಕು, ಸೀದಾ ಕೊಟ್ರೆ ಬ್ಯಾಡ್ ಸಿಗ್ನೇಚರ್ ಅಂತ ಹೆದರಿಸುತ್ತೆ. ಸ್ಟೇಬಲ್ ಬಿಡುಗಡೆಗಳ ಸಹಿ ಸಾಮಾನ್ಯವಾಗಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಅವ್ರದ್ದು.

ಕಾನ್ಫಿಗ್‌ಗೆ (ಕರ್ನಲ್‌ನಲ್ಲಿ ಏನೇನಿರ್ಬೇಕು ಅನ್ನೋ ಪಟ್ಟಿ) ಡಬ್ಬಿಯ ಬೂಟ್ ಫೋಲ್ಡರ್‌ನಲ್ಲಿರೋ 6.1ರ ಕಾನ್ಫಿಗ್ ಫೈಲನ್ನೇ ತಂದು ಓಲ್ಡ್‌ಡೆಫ್‌ಕಾನ್ಫಿಗ್ (ಹಳೇ ಆಯ್ಕೆ ಉಳಿಸಿ ಹೊಸದಕ್ಕೆಲ್ಲ ಡೀಫಾಲ್ಟ್ ತುಂಬೋದು) ಓಡಿಸ್ದೆ, ಆಮೇಲೆ ಲೋಕಲ್‌ಮಾಡ್‌ಕಾನ್ಫಿಗ್. ಇದು ಎಲ್‌ಎಸ್‌ಮಾಡ್ ಪಟ್ಟಿ ನೋಡಿ ಅದ್ರಲ್ಲಿ ಇಲ್ಲದ ಡ್ರೈವರ್‌ಗಳನ್ನೆಲ್ಲ ಕಿತ್ತು ಹಾಕುತ್ತೆ, ಗಂಟೆಗಟ್ಟಲೆ ಆಗೋ ಕೆಲಸ ಅಕ್ಕಿ ರೊಟ್ಟಿ ತಿಂದು ಬರೋಷ್ಟ್ರಲ್ಲಿ ಮುಗಿಯುತ್ತೆ. ಆದ್ರೆ ಪಟ್ಟಿ ಡಬ್ಬಿದು ಇರ್ಬೇಕು, ಕಟ್ಟೋ ಲ್ಯಾಪ್‌ಟಾಪ್‌ದಲ್ಲ, ಎಲ್‌ಎಸ್‌ಮಾಡ್ ಅನ್ನೋ ವೇರಿಯಬಲ್‌ಗೆ ಆ ಫೈಲ್ ತೋರಿಸ್ಬಹುದು. ಮತ್ತೆ ಪಟ್ಟಿ ತೆಗೆಯೋ ಮುಂಚೆ ಆ ಮೆಷಿನ್‌ಗೆ ಯಾವತ್ತಾದ್ರೂ ಬೇಕಾಗೋದನ್ನೆಲ್ಲ ಸಿಕ್ಕಿಸಿ ಒಂದ್ಸಲ ಬಳಸಿ. ನ್ಯಾನೋ ಕ್ಲೋನ್‌ನ ಸಿಎಚ್340 ಚಿಪ್‌ಗೆ ಸಿಎಚ್341 ಡ್ರೈವರ್, ಪೆನ್‌ಡ್ರೈವ್‌ಗೆ ವಿಫ್ಯಾಟ್, ವೈರ್‌ಗಾರ್ಡ್ (ದೂರದಿಂದ ಒಳಗೆ ಬರೋಕೆ ವಿಪಿಎನ್), ಫೈರ್‌ವಾಲ್‌ನ ಮಾಡ್ಯೂಲ್‌ಗಳು. ಇಎಫ್‌ಐ ಪಾರ್ಟಿಶನ್ (ಬೂಟ್ ಫೈಲುಗಳಿರೋ ಜಾಗ) ಮೌಂಟ್ ಮಾಡೋಕೆ ಬೇಕಾಗೋ ಎನ್‌ಎಲ್‌ಎಸ್ ಅಕ್ಷರ ಟೇಬಲ್ ಮಾಡ್ಯೂಲ್ ಬಿಟ್ಟು ಹೋದ್ರೆ ಆ ಒಂದು ಪುಟಾಣಿ ಪಾರ್ಟಿಶನ್ ಮೌಂಟ್ ಆಗ್ಲಿಲ್ಲ ಅಂತ ಸಿಸ್ಟಮ್‌ಡಿ (ಬೂಟ್ ಆಗೋವಾಗ ಎಲ್ಲ ಸೇವೆ ಶುರು ಮಾಡೋ ಪ್ರೋಗ್ರಾಂ) ಎಮರ್ಜೆನ್ಸಿ ಮೋಡ್‌ಗೆ ಹೋಗಿ ಕೂತ್ಕೊಳ್ಳುತ್ತೆ, ಪಾಸ್‌ವರ್ಡ್ ಕೇಳ್ತಾ, ಕೀಬೋರ್ಡೇ ಇಲ್ಲದ ಸ್ಟೋರ್ ರೂಮಲ್ಲಿ. ಎಫ್‌ಸ್ಟ್ಯಾಬ್‌ನಲ್ಲಿ (ಮೌಂಟ್ ಆಗ್ಬೇಕಾದ್ದರ ಪಟ್ಟಿ) ರೂಟ್ ಬಿಟ್ಟು ಉಳಿದಿದ್ದಕ್ಕೆಲ್ಲ ನೋಫೇಲ್ (ಸಿಗ್ಲಿಲ್ಲ ಅಂದ್ರೂ ಬೂಟ್ ಮುಂದುವರಿಸು) ಹಾಕೋದಕ್ಕೆ ಇದೂ ಒಂದು ಕಾರಣ.

ಕೈಯಲ್ಲಿ ಸೇರಿಸ್ಬೇಕಾದ್ದು ಇಷ್ಟು: ಆರ್‌ಟಿಡಬ್ಲ್ಯು88ರ 8821ಸಿಯು (ಹಳೇ ಪಟ್ಟಿಲಿ ಅದು ಇರೋಕೆ ಸಾಧ್ಯನೇ ಇಲ್ಲ), ಇಂಟೆಲ್‌ನ ಐಟಿಸಿಒ ವಾಚ್‌ಡಾಗ್ ಮತ್ತೆ ಅದಕ್ಕೆ ಆಧಾರ ಆಗಿರೋ ಎಲ್‌ಪಿಸಿ ಐಸಿಎಚ್ ಎರಡೂ ಬಿಲ್ಟ್-ಇನ್, ಇಎಫ್‌ಐ ಪಿಸ್ಟೋರ್ (ಕರ್ನಲ್ ಸಾಯೋವಾಗಿನ ಸಂದೇಶ ಬೋರ್ಡ್‌ನ ಮೆಮೊರಿಲಿ ಉಳಿಸೋದು), ಮಾಡ್ಯೂಲ್‌ಗಳಿಗೆ ಬಿಲ್ಡ್ ಸಮಯದಲ್ಲೇ ಸಹಿ. ಡೆಬಿಯನ್ ಕಾನ್ಫಿಗ್‌ನಲ್ಲಿ ಸಿಸ್ಟಮ್ ಟ್ರಸ್ಟೆಡ್ ಕೀಸ್ ಅನ್ನೋದು ಡೆಬಿಯನ್‌ನವರ ಸರ್ಟಿಫಿಕೇಟ್ ಫೈಲ್ ತೋರಿಸ್ತಾ ಇರುತ್ತೆ, ಆ ಫೈಲ್ ನಮ್ಮತ್ರ ಇಲ್ಲ, ಖಾಲಿ ಮಾಡ್ಲಿಲ್ಲ ಅಂದ್ರೆ ಬಿಲ್ಡ್ ಮಧ್ಯದಲ್ಲಿ ನಿಲ್ಲುತ್ತೆ. ಡೀಬಗ್ ಇನ್ಫೋ ಆಫ್ ಮಾಡಿ, ಇಲ್ದಿದ್ರೆ ಡಿಸ್ಕ್ ನುಂಗುತ್ತೆ. ಲೋಕಲ್ ವರ್ಶನ್‌ಗೆ ಒಂದು ಹೆಸರು ಕೊಡಿ, ನಾನು ತೋಟ ಅಂತ್ಲೇ ಕೊಟ್ಟೆ, ಯುನೇಮ್‌ನಲ್ಲಿ ಅದು ಕಂಡ್ರೆ ಯಾವ ಕರ್ನಲ್ ಅಂತ ಡೌಟೇ ಇರಲ್ಲ. ಕೊನೆಗೆ ಬಿನ್‌ಡೆಬ್-ಪಿಕೆಜಿ, ಡೆಬ್ ಪ್ಯಾಕೇಜ್ ಸಿಕ್ತು, ತೆಗೆಯೋದೂ ಒಂದೇ ಕಮಾಂಡ್.

ಡಬ್ಬಿ ಮುಟ್ಟೋ ಮುಂಚೆ ಕ್ಯೂಎಮು ಅನ್ನೋ ವರ್ಚುವಲ್ ಮೆಷಿನ್‌ನಲ್ಲಿ ಓಡಿಸಿ ನೋಡ್ದೆ. ಲೋಕಲ್‌ಮಾಡ್‌ಕಾನ್ಫಿಗ್ ಮಾಡಿದ ಕರ್ನಲ್‌ನಲ್ಲಿ ವರ್ಟಿಯೋ (ವರ್ಚುವಲ್ ಮೆಷಿನ್‌ಗೆಂದೇ ಇರೋ) ಡ್ರೈವರ್ ಇರಲ್ಲ, ಅದಕ್ಕೆ ಕ್ಯೂ35 ಮೆಷಿನ್ ಆರಿಸ್ಕೊಂಡು ಡಿಸ್ಕ್‌ನ ಎಎಚ್‌ಸಿಐ (ಮಾಮೂಲಿ ಸಾಟಾ) ಮೇಲೆ ಕೊಟ್ರೆ ಅಸಲಿ ಹಾರ್ಡ್‌ವೇರ್‌ಗೆ ಹತ್ರ ಇರುತ್ತೆ. ಅದೇ ಮಾಡೆಲ್‌ನ ಇನ್ನೊಂದು ಡಾಂಗಲ್ ತಂದು ಯುಎಸ್‌ಬಿ ಪಾಸ್‌ಥ್ರೂ ಮಾಡಿ ವರ್ಚುವಲ್ ಮೆಷಿನ್ ಒಳಗಿಂದ್ಲೇ ಮನೆ ವೈಫೈಗೆ ಕನೆಕ್ಟ್ ಮಾಡ್ದೆ. ಆಗಲೇ ಎರಡು ವಿಷಯ ಸಿಕ್ತು. ಒಂದು, ಫರ್ಮ್‌ವೇರ್-ರಿಯಲ್‌ಟೆಕ್ ಪ್ಯಾಕೇಜ್ ಬೇಕೇ ಬೇಕು. ಎರಡು, ಈ ಡಾಂಗಲ್ ಸಿಕ್ಕಿಸಿದ ತಕ್ಷಣ ವೈಫೈ ಕಾರ್ಡ್ ಅಲ್ಲ, ವಿಂಡೋಸ್ ಡ್ರೈವರ್ ತುಂಬಿರೋ ಸಿಡಿ ಡ್ರೈವ್ ಅಂತ ಹೇಳ್ಕೊಳ್ಳುತ್ತೆ, ಯುಎಸ್‌ಬಿ-ಮೋಡ್‌ಸ್ವಿಚ್ ಅದನ್ನ ದಬಾಯಿಸಿ ವೈಫೈ ಮಾಡ್ಬೇಕು. ಹಳೇ ಸೆಟಪ್‌ನಲ್ಲಿ ಆ ಪ್ಯಾಕೇಜ್ ಮೊದ್ಲಿಂದ್ಲೂ ಇತ್ತು, ಯಾರು ಯಾವಾಗ ಹಾಕಿದ್ದು ಅಂತ್ಲೂ ಗೊತ್ತಿಲ್ಲ.

ಗ್ರಬ್, ಇದೇ ಮುಖ್ಯ ಕೆಲಸ

ಆರ್ಡರ್ ಮುಖ್ಯ ಇಲ್ಲಿ. ಡೆಬ್ ಇನ್‌ಸ್ಟಾಲ್ ಮಾಡಿದ ಕೂಡ್ಲೇ ಅದು ಅಪ್‌ಡೇಟ್-ಗ್ರಬ್ ಓಡಿಸಿ ಹೊಸ ಕರ್ನಲನ್ನ ಮೆನು ತಲೆ ಮೇಲೆ ಕೂರಿಸುತ್ತೆ, ಗ್ರಬ್‌ನ ಮಾಮೂಲಿ ಸೆಟ್ಟಿಂಗ್ ಮೊದಲನೇ ಸಾಲು ಬೂಟ್ ಮಾಡೋದು. ಅಂದ್ರೆ ನೀವಿನ್ನೂ ಟೆಸ್ಟ್‌ಗೆ ರೆಡಿ ಆಗಿಲ್ಲ, ಅಷ್ಟ್ರಲ್ಲಿ ಕರೆಂಟ್ ಹೋಗಿ ಬಂತು, ಡಬ್ಬಿ ಹೊಸ ಕರ್ನಲ್‌ನಲ್ಲಿ ಎದ್ದು ಕೂತಿದೆ. ಜೂನ್-ಜುಲೈನಲ್ಲಿ ಕರೆಂಟ್ ಹೋಗೋದು ಸುದ್ದಿನೇ ಅಲ್ಲ. ಹಾಗಾಗಿ ಡೆಬ್ ಹಾಕೋ ಮುಂಚೆನೇ ಗ್ರಬ್ ಡೀಫಾಲ್ಟ್‌ನ ಸೇವ್ಡ್ ಅಂತ ಬದಲಾಯಿಸಿ, ಅಪ್‌ಡೇಟ್-ಗ್ರಬ್ ಓಡಿಸಿ, ಗ್ರಬ್-ಸೆಟ್-ಡೀಫಾಲ್ಟ್‌ಗೆ ಹಳೇ 6.1ರ ಎಂಟ್ರಿಯ ಐಡಿ ಕೊಟ್ಟು, ಗ್ರಬ್-ಎಡಿಟ್‌ಎನ್ವಿ ಲಿಸ್ಟ್ ಮಾಡಿ ಅದು ಬರೆದಿದ್ಯಾ ಅಂತ ಕಣ್ಣಾರೆ ನೋಡಿ. ಎಂಟ್ರಿನ ನಂಬರ್‌ನಲ್ಲಿ ಕೊಡ್ಬೇಡಿ, ಇನ್ನೊಂದು ಕರ್ನಲ್ ಬಂದ್ರೆ ನಂಬರ್ ಜರುಗುತ್ತೆ, ಐಡಿ ಜರುಗಲ್ಲ. ಸೇವ್‌ಡೀಫಾಲ್ಟ್ ಅನ್ನೋ ಇನ್ನೊಂದು ಸೆಟ್ಟಿಂಗ್ ಆನ್ ಇದ್ರೆ ಆಫ್ ಮಾಡಿ, ಅದಿದ್ರೆ ಯಾರಾದ್ರೂ ಮೆನುನಲ್ಲಿ ಕೈಯಾರೆ ಆರಿಸಿದ್ದೇ ಖಾಯಂ ಆಗ್ಬಿಡುತ್ತೆ.

ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರೋದನ್ನ ಮಾತ್ರ ಬೂಟ್ ಮಾಡೋ ಸೆಟ್ಟಿಂಗ್) ಆನ್ ಇದ್ರೆ ಸ್ವಂತ ಕಟ್ಟಿದ, ಅಂಥ ಸಹಿ ಇಲ್ಲದ ಕರ್ನಲ್ ಏಳೋದೇ ಇಲ್ಲ, ಆನ್ ಇದ್ಯಾ ಅಂತ ಮೋಕ್‌ಯುಟಿಲ್ ಕಮಾಂಡ್ ಕೇಳಿ ನೋಡಿ. ನಮ್ದು ಆಫ್ ಇತ್ತು.

ಟೆಸ್ಟ್ ಬೂಟ್‌ಗೆ ಗ್ರಬ್-ರೀಬೂಟ್. ಇದು ಗ್ರಬ್‌ಎನ್ವಿ ಫೈಲ್‌ನಲ್ಲಿ ಮುಂದಿನ ಒಂದೇ ಸಲಕ್ಕೆ ಈ ಎಂಟ್ರಿ ಅಂತ ಚೀಟಿ ಬರೆದಿಡುತ್ತೆ, ಗ್ರಬ್ ಎದ್ದ ಕೂಡ್ಲೇ ಆ ಚೀಟಿ ಓದಿ, ಅಳಿಸಿ, ಆಮೇಲೆ ಬೂಟ್ ಮಾಡುತ್ತೆ. ಕರ್ನಲ್ ಲೋಡ್ ಆಗೋ ಮುಂಚೆನೇ ಅಳಿಸಿರುತ್ತೆ ಅನ್ನೋದೇ ಇದ್ರ ಜೀವಾಳ, ಆಮೇಲೆ ಏನೇ ಆಗ್ಲಿ ಮುಂದಿನ ಬೂಟ್ ಹಳೇದೇ. ಆದ್ರೆ ಗ್ರಬ್‌ಗೆ ಆ ಫೈಲ್ ಬರೆಯೋಕೆ ಬರ್ಬೇಕಲ್ಲ. ಬೂಟ್ ಫೋಲ್ಡರ್ ಎಲ್‌ವಿಎಂ, ಸಾಫ್ಟ್‌ವೇರ್ ರೇಡ್ ಅಥ್ವಾ ಬಿಟಿಆರ್‌ಎಫ್‌ಎಸ್ ಮೇಲಿದ್ರೆ ಗ್ರಬ್ ಓದುತ್ತೆ, ಬರೆಯೋಕೆ ಆಗಲ್ಲ, ಚೀಟಿ ಅಳಿಯಲ್ಲ, ಕೆಟ್ಟ ಕರ್ನಲ್ಲೇ ಮತ್ತೆ ಮತ್ತೆ. ಸಾದಾ ಪಾರ್ಟಿಶನ್ ಮೇಲೆ ಎಕ್ಸ್ಟ್4 ಇದ್ರೆ ತೊಂದ್ರೆ ಇಲ್ಲ, ನಮ್ದು ಹಾಗೇ.

ಟೆಸ್ಟ್‌ಗೆ ಬೇರೆಯೇ ಒಂದು ಎಂಟ್ರಿ 40-ಕಸ್ಟಮ್ ಫೈಲ್‌ನಲ್ಲಿ ಬರೆದೆ. ಮಾಮೂಲಿ ಎಂಟ್ರಿಯ ನಕಲು, ಕರ್ನಲ್ ಸಾಲಿಗೆ ಮೂರು ಪದ ಜಾಸ್ತಿ. ಪ್ಯಾನಿಕ್ ಈಕ್ವಲ್ಸ್ 15, ಅಂದ್ರೆ ಪ್ಯಾನಿಕ್ ಆದ್ರೆ (ಕರ್ನಲ್ ಮುಂದುವರಿಯೋಕಾಗದೆ ನಿಂತ್ರೆ) 15 ಸೆಕೆಂಡ್ ಬಿಟ್ಟು ರೀಬೂಟ್, ಇದಿಲ್ಲದಿದ್ರೆ ಕರ್ನಲ್ ಸತ್ತಲ್ಲೇ ಸತ್ತಿರುತ್ತೆ. ಊಪ್ಸ್ ಈಕ್ವಲ್ಸ್ ಪ್ಯಾನಿಕ್, ಅಂದ್ರೆ ಸಣ್ಣ ಏಟನ್ನೂ ಪ್ಯಾನಿಕ್ ಅಂತ್ಲೇ ತಗೋ, ಕುಂಟ್ಕೊಂಡು ಓಡ್ಬೇಡ. ಮೂರನೇದು ನನ್ನದೇ ಪದ, ಕರ್ನಲ್‌ಟೆಸ್ಟ್ ಅಂತ, ಅದ್ರ ಕಥೆ ಈಗ ಹೇಳ್ತೀನಿ. ಪ್ಯಾನಿಕ್ ಪದಕ್ಕೆ ಡೆಬಿಯನ್‌ನಲ್ಲಿ ಇನ್ನೊಂದು ಪ್ರಯೋಜನ ಇದೆ, ಇನಿಟ್‌ರಾಮ್‌ಎಫ್‌ಎಸ್‌ಗೆ (ಬೂಟ್‌ನ ಶುರುವಿನ ಪುಟ್ಟ ಸಿಸ್ಟಮ್) ರೂಟ್ ಡಿಸ್ಕ್ ಸಿಗ್ಲಿಲ್ಲ ಅಂದ್ರೆ ಮಾಮೂಲಾಗಿ ಬಿಝಿಬಾಕ್ಸ್ ಶೆಲ್ ತೆಗೆದು ಕಾಯ್ತಾ ಕೂರುತ್ತೆ, ಈ ಪದ ಇದ್ರೆ ಶೆಲ್ ಕೊಡದೆ ರೀಬೂಟ್ ಮಾಡುತ್ತೆ.

ಇಷ್ಟಾದ್ರೂ ಒಂದು ದೊಡ್ಡ ತೂತು ಉಳಿದಿತ್ತು: ಕರ್ನಲ್ ಚೆನ್ನಾಗಿ ಎದ್ದು ವೈಫೈ ಮಾತ್ರ ಬರ್ಲಿಲ್ಲ ಅಂದ್ರೆ? ಪ್ಯಾನಿಕ್ ಇಲ್ಲ, ಹ್ಯಾಂಗ್ ಇಲ್ಲ, ಡಬ್ಬಿ ಆರಾಮಾಗಿದೆ, ನನಗೆ ಮಾತ್ರ ಸಿಗಲ್ಲ. ಅದಕ್ಕೆ ಸಿಸ್ಟಮ್‌ಡಿ ಟೈಮರ್ ಒಂದು ಬರೆದೆ. ಕಮಾಂಡ್ ಲೈನಲ್ಲಿ ಕರ್ನಲ್‌ಟೆಸ್ಟ್ ಅನ್ನೋ ಪದ ಇದ್ರೆ ಮಾತ್ರ ಶುರು ಆಗುತ್ತೆ (ಕಂಡಿಶನ್ ಕರ್ನಲ್ ಕಮಾಂಡ್ ಲೈನ್ ಅಂತ್ಲೇ ಯೂನಿಟ್ ಫೈಲ್‌ನಲ್ಲಿ ಒಂದು ಸಾಲಿದೆ), 15 ನಿಮಿಷ ಕಾಯುತ್ತೆ, ರನ್ ಫೋಲ್ಡರ್‌ನಲ್ಲಿ ಓಕೆ ಅನ್ನೋ ಖಾಲಿ ಫೈಲ್ ಇದ್ಯಾ ನೋಡುತ್ತೆ, ಇಲ್ಲ ಅಂದ್ರೆ ರೀಬೂಟ್. ರನ್ ಫೋಲ್ಡರ್ ರ‍್ಯಾಮ್‌ನಲ್ಲಿರೋದು, ಪ್ರತಿ ಬೂಟ್‌ಗೂ ಖಾಲಿ. ಆ ಫೈಲ್ ಯಾವ ಸ್ಕ್ರಿಪ್ಟೂ ಮಾಡಲ್ಲ, ನಾನೇ ಮಡಿಕೇರಿಯಿಂದ ವೈರ್‌ಗಾರ್ಡ್ ಮೂಲಕ ಒಳಗೆ ಬಂದು ಮಾಡ್ಬೇಕು. ಮಾಡೋಕೆ ಆಯ್ತು ಅಂದ್ರೆನೇ ವೈಫೈ, ರೂಟರ್, ಟನಲ್, ಎಸ್‌ಎಸ್‌ಎಚ್ ಎಲ್ಲ ಸರಿ ಇದೆ ಅಂತ ಅರ್ಥ. ಪಿಂಗ್ ಮಾಡಿ ತಾನೇ ತೀರ್ಮಾನ ಮಾಡೋ ಸ್ಕ್ರಿಪ್ಟ್‌ಗಿಂತ ಇದೇ ನನಗಿಷ್ಟ.

ಬೇಕಂತ್ಲೇ ಕೊಲ್ಲೋದು

ತೋಟಕ್ಕೆ ಮಾನಿಟರ್ ಕೀಬೋರ್ಡ್ ಹೊತ್ಕೊಂಡು ಹೋಗಿ ನಾನು ಮುಂದೆ ಕೂತಿರೋವಾಗ್ಲೇ ಎಲ್ಲ ಥರ ಸಾಯಿಸಿ ನೋಡ್ಬೇಕು, ದೂರದಿಂದ ಮೊದಲನೇ ಸಲ ಮಾಡೋ ಕೆಲಸ ಅಲ್ಲ ಇದು.

ಮೊದ್ಲು ಹಾರ್ಡ್‌ವೇರ್ ವಾಚ್‌ಡಾಗ್, ಅದೂ ಹಳೇ ಕರ್ನಲ್‌ನಲ್ಲೇ, ಸಿಸ್ಟಮ್‌ಡಿಗೆ ಇನ್ನೂ ಒಪ್ಪಿಸದೇ ಇರೋವಾಗ. ಡೆವ್ ಫೋಲ್ಡರ್‌ನ ವಾಚ್‌ಡಾಗ್ ಫೈಲ್‌ಗೆ ಏನೋ ಒಂದಕ್ಷರ ಬರೆದು ಬಿಟ್ಟುಬಿಡೋದು. ಇಂಗ್ಲಿಷ್ ದೊಡ್ಡಕ್ಷರ ವಿ ಬರೆದು ಮುಚ್ಚಿದ್ರೆ ವಾಚ್‌ಡಾಗ್ ನಿಲ್ಲುತ್ತೆ, ಬೇರೇನೇ ಬರೆದು ಮುಚ್ಚಿದ್ರೆ ಎಣಿಕೆ ನಿಲ್ಲಲ್ಲ, ಮತ್ತೆ ಯಾರೂ ತಟ್ಟಲಿಲ್ಲ ಅಂತ ಅರ್ಧ ನಿಮಿಷದಷ್ಟರಲ್ಲಿ ಚಿಪ್‌ಸೆಟ್ಟೇ ಮೆಷಿನ್ ರೀಸೆಟ್ ಮಾಡುತ್ತೆ. ಮಾಡ್ತು. ಕೆಲವು ಬೋರ್ಡ್‌ನಲ್ಲಿ ಬಯೋಸ್ ಇದನ್ನ ಬೀಗ ಹಾಕಿರುತ್ತೆ, ಆಗ ನೋ ರೀಬೂಟ್ ಫ್ಲ್ಯಾಗ್ ತೆಗೆಯೋಕಾಗ್ಲಿಲ್ಲ ಅಂತ ಡಿಮೆಸೇಜ್‌ನಲ್ಲಿ ಬರುತ್ತೆ, ಅಂಥ ಬೋರ್ಡ್ ಮೇಲೆ ಭರವಸೆ ಇಡ್ಬೇಡಿ. ಇದು ಪಾಸಾದ ಮೇಲೆ ಸಿಸ್ಟಮ್‌ಡಿಯ ರನ್‌ಟೈಮ್ ವಾಚ್‌ಡಾಗ್ 30 ಸೆಕೆಂಡ್‌ಗೆ ಇಟ್ಟೆ.

ಆಮೇಲೆ ಹೊಸ ಕರ್ನಲ್ ಟೆಸ್ಟ್ ಎಂಟ್ರಿಲಿ ಬೂಟ್ ಮಾಡಿ ಸಿಸ್‌ಆರ್‌ಕ್ಯೂ ಟ್ರಿಗರ್‌ಗೆ ಸಿ ಅಕ್ಷರ (ಕರ್ನಲನ್ನ ಬೇಕಂತ್ಲೇ ಕೆಡವೋ ಆಜ್ಞೆ) ಕೊಟ್ಟೆ, ತಕ್ಷಣ ಪ್ಯಾನಿಕ್, ಪರದೆ ತುಂಬ ಅಕ್ಷರ, 15 ಸೆಕೆಂಡ್, ರೀಬೂಟ್, 6.1. ಸತ್ತ ಕರ್ನಲ್‌ನ ಕೊನೇ ಮಾತುಗಳು ಇಎಫ್‌ಐ ಪಿಸ್ಟೋರ್‌ನಲ್ಲಿ ಉಳಿದು, ಸಿಸ್ಟಮ್‌ಡಿ ಅದನ್ನ ವಾರ್ ಲಿಬ್ ಕೆಳಗಿನ ಪಿಸ್ಟೋರ್ ಫೋಲ್ಡರ್‌ಗೆ ಎತ್ತಿಟ್ಟಿತ್ತು. ನೆಟ್‌ಕನ್ಸೋಲ್ (ಕರ್ನಲ್ ಸಂದೇಶ ನೆಟ್‌ವರ್ಕ್ ಮೇಲೆ ಕಳಿಸೋದು) ಬಗ್ಗೆ ಎಲ್ಲ ಕಡೆ ಬರೀತಾರೆ, ಯುಎಸ್‌ಬಿ ವೈಫೈ ಮೇಲೆ ಅದನ್ನ ನಂಬ್ಕೊಂಡು ಕೂರೋ ಹಾಗಿಲ್ಲ, ಪಿಸ್ಟೋರೇ ಗತಿ. ಆಮೇಲೆ ಎಂಟ್ರಿಲಿ ರೂಟ್ ಡಿಸ್ಕ್‌ನ ಯುಯುಐಡಿ ಬೇಕಂತ್ಲೇ ತಪ್ಪು ಮಾಡಿ ಬೂಟ್, ಸ್ವಲ್ಪ ಹೊತ್ತು ಹುಡುಕಿ ಕೈಬಿಟ್ಟು ರೀಬೂಟ್, 6.1. ಆಮೇಲೆ ಬಂಗಲೆ ರೂಟರ್ ಆಫ್ ಮಾಡಿ ಟೆಸ್ಟ್ ಬೂಟ್, 15 ನಿಮಿಷ ಸುಮ್ನೆ ಕಾದು ಅತ್ತೆ ಕೊಟ್ಟ ಕಾಫಿ ಕುಡ್ದು ಬರೋಷ್ಟ್ರಲ್ಲಿ 6.1.

ಮುಚ್ಚೋಕಾಗದ ತೂತು ಒಂದಿದೆ. ಗ್ರಬ್ ಕೈಬಿಟ್ಟ ಮೇಲೆ, ಸಿಸ್ಟಮ್‌ಡಿ ವಾಚ್‌ಡಾಗ್ ಹಿಡಿಯೋ ಮುಂಚೆ, ಆ ಕೆಲವು ಸೆಕೆಂಡ್‌ನಲ್ಲಿ ಕರ್ನಲ್ ಪ್ಯಾನಿಕ್ ಆಗದೇ ಸುಮ್ನೆ ಹೆಪ್ಪುಗಟ್ಟಿದ್ರೆ ಯಾರೂ ಕಾಯೋರಿಲ್ಲ. ಅದಕ್ಕೆ ಪವರ್ ತೆಗೆಯೋದೊಂದೇ ದಾರಿ. ಬಯೋಸ್‌ನಲ್ಲಿ ಕರೆಂಟ್ ಬಂದ್ಮೇಲೆ ತಾನಾಗೇ ಆನ್ ಆಗು ಅನ್ನೋ ಸೆಟ್ಟಿಂಗ್ ಹಾಕಿದ್ದಾಯ್ತು, ಆದ್ರೆ ಡಬ್ಬಿ ಇರೋದು ಯುಪಿಎಸ್ ಮೇಲೆ, ಬ್ಯಾಟರಿ ಮುಗಿಯೋವರೆಗೆ ನಮ್ಮ ಕರೆಂಟ್ ಕಟ್ ಅದ್ರವರೆಗೆ ಮುಟ್ಟಲ್ಲ. ಇದಕ್ಕೆ ರೈಟ್ರಿಗೆ ಪಾಠ ಆಯ್ತು.

"ರೈಟ್ರೇ, ನಾನು ಫೋನ್ ಮಾಡಿದ್ರೆ ಯುಪಿಎಸ್ ಹಿಂದಿನ ಸ್ವಿಚ್ ಆಫ್ ಮಾಡಿ, ಹತ್ತು ಎಣಿಸಿ, ಆನ್ ಮಾಡಿ."

"ಆಯ್ತು ಸಾರ್, ಆಮೇಲೆ ಕಂಪ್ಯೂಟರ್ ಬಟನ್ ಒತ್ತೋದಾ?"

"ಬೇಡ ಬೇಡ, ಅದೇ ಎದ್ದೇಳುತ್ತೆ."

"ಎದ್ದೇಳ್ಲಿಲ್ಲ ಅಂದ್ರೆ?"

"ಎದ್ದೇಳ್ಲಿಲ್ಲ ಅಂದ್ರೆ ನಾನೇ ಬರ್ತೀನಿ."

"ಮಳೆ ನೋಡ್ಕೊಂಡು ಬನ್ನಿ" ಅಂದ್ರು, ಅಷ್ಟೇ.

ದೂರದಿಂದ ಟೆಸ್ಟ್

ಮಡಿಕೇರಿಗೆ ಬಂದ್ಮೇಲೆ ಗ್ರಬ್-ರೀಬೂಟ್, ರೀಬೂಟ್, ಸ್ವಲ್ಪ ಹೊತ್ತಿಗೆ ಟನಲ್ ಎದ್ದಿತು, ಒಳಗೆ ಹೋಗಿ ಓಕೆ ಫೈಲ್ ಮಾಡ್ದೆ. ಯುನೇಮ್‌ನಲ್ಲಿ ತೋಟ ಕಾಣ್ತು, ಟೇಂಟ್ 0. ಡಿಮೆಸೇಜ್‌ನ ಹಳೇದ್ರ ಜೊತೆ ಡಿಫ್ ಹಾಕಿದ್ರೆ ಹೊಸ ಎರರ್ ಅಂತ ಇದ್ದಿದ್ದು ಒಂದೇ ಥರದ್ದು, ಫರ್ಮ್‌ವೇರ್ ಎಲ್‌ಪಿಎಸ್ ಸ್ಥಿತಿಯಿಂದ ಹೊರಗೆ ಬರ್ಲಿಲ್ಲ ಅಂತ ಆರ್‌ಟಿಡಬ್ಲ್ಯು88 ಆಗಾಗ ಗೊಣಗ್ತಾ ಇತ್ತು, ಅದು ಬಂದಾಗೆಲ್ಲ ಪಿಂಗ್ ಜಿಗೀತಿತ್ತು. ವೈಫೈ ಪವರ್ ಸೇವಿಂಗ್ ಗೋಳು ಇದು. ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ಪವರ್‌ಸೇವ್ 2 ಅಂತ ಹಾಕಿದ್ರೆ ಆಫ್ ಆಗುತ್ತೆ, ಹಾಕಿದ್ಮೇಲೆ ಗೊಣಗಾಟ ನಿಂತಿತು. ನೆಟ್‌ವರ್ಕ್ ಸ್ಪೀಡ್ ಅಳೆಯೋ ಐಪರ್ಫ್‌ನಲ್ಲಿ ಹೊರಗಿನ ಹಳೇ ಡ್ರೈವರ್ರೇ ಸ್ವಲ್ಪ ಜೋರು, ಮಳೆ ಲೆಕ್ಕ ಕಳಿಸೋಕೆ ಆ ಜೋರು ತಗೊಂಡು ಏನ್ಮಾಡೋದು.

ಮೆಷಿನ್ ಮೇಲೆ ಭಾರ ಹೇರೋ ಸ್ಟ್ರೆಸ್-ಎನ್‌ಜಿ ರಾತ್ರಿ ಓಡಿಸಿ ಬಿಸಿ ನೋಡ್ದೆ, ಎಫ್‌ಐಒನಲ್ಲಿ ಡಿಸ್ಕ್‌ಗೆ ಬರೆದು ಚೆಕ್‌ಸಮ್ ವೆರಿಫೈ ಮಾಡ್ದೆ. ಇವೆಲ್ಲ ಮಾಡ್ಬೇಕು, ಆದ್ರೆ ಇವುಗಳಿಗಿಂತ ಸುಮ್ನೆ ಮಾಮೂಲಿ ಕೆಲಸ ಮಾಡೋಕೆ ಬಿಟ್ಟು ಮಳೇಲಿ ಕೆಲವು ದಿನ ನಡೆಸೋದೇ ನಿಜವಾದ ಪರೀಕ್ಷೆ ಅನ್ನೋದು ನನ್ನ ಅಭಿಪ್ರಾಯ. ನ್ಯಾನೋದ ಎಣಿಕೆ, ಡೇಟಾಬೇಸ್‌ನ ಎಣಿಕೆ, ರೈಟ್ರು ಬೆಳಿಗ್ಗೆ ಗಾಜಿನ ಗೇಜಲ್ಲಿ ಅಳೆದು ಪುಸ್ತಕದಲ್ಲಿ ಬರೆಯೋ ಇಂಚು-ಸೆಂಟ್, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಮೊದಲೆರಡು ಒಂದೇ, ರೈಟ್ರದ್ದು ಒಂದೆರಡು ಸೆಂಟ್ ಆಚೆ ಈಚೆ. ಅದು ಕರ್ನಲ್ ತಪ್ಪಲ್ಲ, ಜೋರು ಮಳೇಲಿ ಟಿಪ್ಪಿಂಗ್ ಬಕೆಟ್ ಮಗುಚೋ ಹೊತ್ತಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗಲ್ಲ.

ಒಂದು ವಿಷಯ ಮಾತ್ರ ಹುಷಾರು. ಗ್ರಬ್-ರೀಬೂಟ್ ಒಂದೇ ಸಲದ್ದು ಅಂತ ಹೇಳಿದ್ನಲ್ಲ, ಟೆಸ್ಟ್ ನಡೀತಾ ಇರೋವಾಗ ರಾತ್ರಿ ಯುಪಿಎಸ್ ಬ್ಯಾಟರಿನೂ ಮುಗಿದು ಡಬ್ಬಿ ಆಫ್ ಆಗಿ ಬೆಳಗಿನ ಜಾವ ಎದ್ರೆ ಅದು 6.1ರಲ್ಲಿ ಎದ್ದಿರುತ್ತೆ. ಎಲ್ಲ ಚೆನ್ನಾಗಿ ನಡೀತಾ ಇರುತ್ತೆ, ನೀವು ಹೊಸ ಕರ್ನಲ್ ಎಷ್ಟು ಗಟ್ಟಿ ಅಂತ ಖುಷಿ ಪಡ್ತಾ ಇರ್ತೀರಿ, ನಡೀತಾ ಇರೋದು ಹಳೇದು. ಕರೆಂಟ್ ನೆಟ್ಟಗಿರೋ ಊರಲ್ಲಿ ಇದು ಯಾರಿಗೂ ಹೊಳೆಯಲ್ಲ. ಮಳೆ ಲಾಗ್‌ನ ಪ್ರತಿ ಸಾಲಿಗೂ ಕರ್ನಲ್ ವರ್ಶನ್ ಮತ್ತೆ ಬೂಟ್ ಐಡಿ ಸೇರಿಸಿ ಬರೆಯೋ ಹಾಗೆ ಸ್ಕ್ರಿಪ್ಟ್ ಬದಲಾಯಿಸಿದೀನಿ, ಯಾವ ಗಂಟೆ ಯಾವ ಕರ್ನಲ್‌ದು ಅಂತ ಆಮೇಲೆ ಎಣಿಸ್ಬಹುದು. ಹಾಗೆ ಎಣಿಸಿದ್ರೆ ಅಂಥ ರಾತ್ರಿ ಇದ್ದೇ ಇತ್ತು, ಆ ಗಂಟೆಗಳನ್ನ ಟೆಸ್ಟ್ ಲೆಕ್ಕದಿಂದ ತೆಗೆದು ಮತ್ತೆ ಓಡಿಸ್ದೆ.

ಉಬುಂಟು ಇಟ್ಕೊಂಡಿರೋರಿಗೆ ಒಂದು ಸಾಲು: ಅಲ್ಲಿ ಗ್ರಬ್‌ಗೆ ರೆಕಾರ್ಡ್‌ಫೇಲ್ ಅಂತ ಒಂದಿದೆ, ಹಿಂದಿನ ಬೂಟ್ ಸರಿಯಾಗಿ ಮುಗೀಲಿಲ್ಲ ಅನ್ಸಿದ್ರೆ ಮೆನು ಹಾಕಿ 30 ಸೆಕೆಂಡ್ ನಿಲ್ಲುತ್ತೆ, ಹೆದರ್ಬೇಡಿ, ಅದ್ರ ಟೈಮ್‌ಔಟ್ ಬೇರೆ ಇದೆ.

ಖಾಯಂ ಮಾಡೋದಕ್ಕೆ ಗ್ರಬ್-ಸೆಟ್-ಡೀಫಾಲ್ಟ್‌ನಲ್ಲಿ ಹೊಸದ್ರ ಮಾಮೂಲಿ ಎಂಟ್ರಿ ಐಡಿ ಕೊಟ್ಟೆ, ಪ್ಯಾನಿಕ್ 15 ಮಾತ್ರ ಎಲ್ಲ ಎಂಟ್ರಿಗೂ ಬಿಟ್ಟೆ, ಊಪ್ಸ್ ಪದ ತೆಗೆದೆ. ಇಲ್ಲಿಂದ ಮುಂದೆ ಪ್ಯಾನಿಕ್ ಆದ್ರೆ ಮತ್ತೆ ಅದೇ ಕರ್ನಲ್ ಏಳೋದು ಅನ್ನೋದು ನೆನಪಿರ್ಲಿ, ಒಂದೇ ಸಲದ ಆ ರಕ್ಷಣೆ ಮುಗೀತು, ಅದಕ್ಕೇ ಇಲ್ಲಿಗೆ ಬರೋಕೆ ಅವಸರ ಮಾಡ್ಬಾರ್ದು. ಹಳೇ 6.1 ಪ್ಯಾಕೇಜ್‌ನ ಆಪ್ಟ್-ಮಾರ್ಕ್‌ನಲ್ಲಿ ಮ್ಯಾನುವಲ್ ಮಾಡಿದೀನಿ, ಇಲ್ದಿದ್ರೆ ಯಾವತ್ತೋ ಆಟೋರಿಮೂವ್ ಬಂದು ಗುಡಿಸ್ಕೊಂಡು ಹೋಗುತ್ತೆ. ಆ ಡಿಕೆಎಂಎಸ್ ಡ್ರೈವರ್ ಕೂಡ 6.1ಕ್ಕೆ ಹಾಗೇ ಇರುತ್ತೆ, ತೆಗೆದ್ರೆ ಹಳೇದಕ್ಕೆ ಹೋದಾಗ ವೈಫೈ ಇಲ್ಲ. ಹೊಸ ಕರ್ನಲ್‌ಗೆ ಅದನ್ನ ಕಟ್ಟಬಾರ್ದು, ಒಂದೇ ಡಾಂಗಲ್‌ಗೆ ಎರಡು ಡ್ರೈವರ್ ಜಗಳ ಆಡ್ತವೆ.

ಸ್ವಂತ ಕರ್ನಲ್‌ನ ಬೆಲೆ ಏನಂದ್ರೆ ಸೆಕ್ಯುರಿಟಿ ಪ್ಯಾಚ್ ಆಪ್ಟ್‌ನಲ್ಲಿ ತಾನಾಗಿ ಬರಲ್ಲ, 6.12ರ ಹೊಸ ಪಾಯಿಂಟ್ ರಿಲೀಸ್ ಬಂದಾಗೆಲ್ಲ ನಾನೇ ಕಟ್ಟಿ ಕಳಿಸ್ಬೇಕು. ಕಾನ್ಫಿಗ್ ರೆಡಿ ಇದೆ, ಟೆಸ್ಟ್ ಎಂಟ್ರಿ ಇದೆ, ಟೈಮರ್ ಇದೆ, ಈಗ ಪ್ರತಿ ಸಲ ಗ್ರಬ್-ರೀಬೂಟ್ ಮಾಡಿ ಓಕೆ ಫೈಲ್ ಹಾಕಿ ಸ್ವಲ್ಪ ದಿನ ಬಿಟ್ಟು ಖಾಯಂ ಮಾಡೋದಷ್ಟೇ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರುತ್ತೆ, ಆಗ ಡೆಬಿಯನ್ 13ಕ್ಕೆ ಎತ್ತಿ ಡಿಸ್ಟ್ರೋದ ಸ್ವಂತ 6.12ಕ್ಕೇ ಹೋಗೋ ಯೋಚ್ನೆ ಇದೆ, ವಾಚ್‌ಡಾಗ್ ಮಾಡ್ಯೂಲ್ ಆಗಿದ್ರೂ ಸಿಸ್ಟಮ್‌ಡಿ ಸಮಯಕ್ಕೆ ಸರಿಯಾಗಿ ಹಿಡ್ಕೊಳ್ಳುತ್ತಾ ಅಂತ ಕ್ಯೂಎಮುನಲ್ಲಿ ನೋಡ್ಬೇಕು ಮೊದ್ಲು.